ಅಮಾವಾಸ್ಯೆ ಕಳೆಯುವವರೆಗೆ

ಸಾರಾಪಂಪ ಎಂಬ ಬೆಟ್ಟದೂರಿನಲ್ಲಿ ಯಾರಿಗಾದರೂ ಹೆದರಿಕೆ ತಗುಲಿದರೆ ಮೊದಲು ನೆನಪಾಗುವವಳು ಬಸೀಲಿಯಾ. ಕೂಸು ಹಳ್ಳಕ್ಕೆ ಬಿತ್ತೋ, ಹೋರಿ ಅಟ್ಟಿಸಿಕೊಂಡು ಬಂತೋ, ಗಂಡ ಕುಡಿದು ಬಂದು ಬಾಗಿಲು ಒಡೆದನೋ, ಓಡಿಹೋಗಿ ಬಸೀಲಿಯಾಳನ್ನು ಕರೆತನ್ನಿ ಎನ್ನುತ್ತಾರೆ. ಹೆದರಿದವರ ಜೀವ ಹೆದರಿದ ಜಾಗದಲ್ಲೇ ಉಳಿದುಬಿಡುತ್ತದೆ, ಮನೆಗೆ ಬರುವುದು ಬರೀ ಮೈ ಎಂಬುದು ಆ ಬೆಟ್ಟದ ಸೀಮೆಯಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಜೀವ ಇಲ್ಲದ ಮೈ ಸರಿಯಾಗಿ ಉಣ್ಣುವುದಿಲ್ಲ, ಮಲಗುವುದಿಲ್ಲ, ಕೂತಲ್ಲೇ ಕೂತು ಗೋಡೆ ನೋಡುತ್ತದೆ. ಇದನ್ನೆಲ್ಲ ಹಳೇ ಕಾಲದ ಹುಚ್ಚು ಎಂದು ಹೀಯಾಳಿಸುತ್ತಿದ್ದ ಔಷಧಿ ಅಂಗಡಿಯವನು ಕೂಡ ತನ್ನ ಮಗಳ ಮೇಲೆ ನಾಯಿ ಎರಗಿದಾಗ ಹಿಂಬಾಗಿಲಿನಿಂದ ಅವಳ ಸ್ವೆಟರನ್ನು ಬಸೀಲಿಯಾಗೆ ಕಳಿಸಿದ್ದ.

ಅವಳ ಕೆಲಸಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಹೆದರಿದವರು ಉಟ್ಟು ಬಿಟ್ಟ, ಇನ್ನೂ ಒಗೆಯದ ಒಂದು ಬಟ್ಟೆ, ಒಂದು ಹಿಡಿ ಕೋಕಾ ಎಲೆ, ಸ್ವಲ್ಪ ಸಕ್ಕರೆ, ಒಂದು ಬಿಳಿ ಹೂವು. ಸೂರ್ಯ ಬೆಟ್ಟದ ಹಿಂದೆ ಇಳಿಯುವ ಹೊತ್ತಿಗೆ ಹೆದರಿದ ಜಾಗಕ್ಕೆ ಹೋಗಿ, ಎಲೆ ಸಕ್ಕರೆಯನ್ನು ನೆಲಕ್ಕೆ ಕೊಟ್ಟು, ಬಟ್ಟೆ ಬೀಸುತ್ತ ಹೆಸರು ಹಿಡಿದು ಕರೆಯುತ್ತಾಳೆ. "ಹಂಪುಯ್, ಹಂಪುಯ್. ಬಾ, ಮನೆಗೆ ಬಾ. ಒಲೆ ಹಚ್ಚಿದ್ದೀವಿ, ಸೂಪು ಬಿಸಿ ಇದೆ, ಬಾ." ಆಮೇಲೆ ಬಟ್ಟೆಯ ಅಂಚು ನೆಲಕ್ಕೆ ತಾಗುವಂತೆ ಹಿಡಿದು, ಹಿಂದೆ ತಿರುಗದೆ ನಡೆದು ಬಂದು, ಅದನ್ನು ಹೆದರಿದವರ ಮೈಮೇಲೆ ಹೊದಿಸುತ್ತಾಳೆ.

ಅಷ್ಟಾದ ಮೇಲೆ ಒಂದು ಕಟ್ಟಳೆ ಇದೆ. ಅಮಾವಾಸ್ಯೆ ಕಳೆಯುವವರೆಗೆ ಆ ಮನೆಯಲ್ಲಿ ಯಾರೂ ಆ ಹೆದರಿಕೆಯ ಮಾತೆತ್ತಬಾರದು. ಹೆದರಿದವರಂತೂ ಬಾಯೇ ಬಿಡಬಾರದು. ಆಗಷ್ಟೇ ಮನೆಗೆ ಬಂದ ಜೀವ ಹೊಸದಾಗಿ ಕೊಂಡುತಂದ ಕೋಳಿಯ ಹಾಗೆ, ಒಂದು ಸಪ್ಪಳವಾದರೂ ಹಳೆಯ ಜಾಗಕ್ಕೆ ಓಡಿಬಿಡುತ್ತದೆ. ಬಸೀಲಿಯಾಗೆ ಈ ವಿದ್ಯೆ ಕಲಿಸಿದ ಅವಳ ತಾಯಿ ಇನ್ನೂ ಒಂದು ಮಾತು ಹೇಳುತ್ತಿದ್ದಳು. "ಅಮಾವಾಸ್ಯೆ ಕಳೆದ ಮೇಲೆ ಮಾತ್ರ ಬಿಡಬೇಡ ಮಗಾ. ಕೂರಿಸ್ಕೊಂಡು ಕೇಳು. ಎಲ್ಲಾ ಹೇಳಿಸು. ಅಲ್ಲಿಗೆ ಕೆಲಸ ಮುಗೀತು." ಬಸೀಲಿಯಾ ಮೊದಲಿನದನ್ನು ಅಚ್ಚುಕಟ್ಟಾಗಿ ಕಲಿತಳು. ಎರಡನೆಯದನ್ನು ಊರವರ ವಿಷಯದಲ್ಲಿ ಅಷ್ಟಿಷ್ಟು ನಡೆಸಿದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ವಿಷಯದಲ್ಲಿ ನಡೆಸಲೇ ಇಲ್ಲ. ಅದನ್ನು ನೆನೆದರೆ ಅವಳ ಮೇಲೆ ಸಿಟ್ಟು ಬರುತ್ತದೆ. ಆದರೆ ನಡೆದದ್ದನ್ನು ಪೂರ್ತಿ ಕೇಳಿದವರಿಗೆ ಆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ.

ಆ ಸೀಮೆಗೆ ಜೂನ್ ಎಂದರೆ ನಡು ಚಳಿಗಾಲ, ಆ ವರ್ಷವಂತೂ ಚಳಿ ಕೊರೆಯುತ್ತಿತ್ತು. ಚುನ್ಯೋ ಮಾಡುವ ಕಾಲ. ಸಣ್ಣ ಆಲೂಗಡ್ಡೆಗಳನ್ನು ಬಯಲಲ್ಲಿ ಹರಡಿ ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದು ಒಣಗುವ ತನಕ ಯಾರಾದರೂ ಬಯಲಿನಲ್ಲೇ ಕಾವಲು ಮಲಗಬೇಕು. ಬಸೀಲಿಯಾಳ ಗಂಡ ಸಬೀನೋ ಕಾವಲಿಗೆಂದು ಹೊರಟವನು ದಾರಿಯಲ್ಲಿ ಗೆಳೆಯನ ಮನೆ ಹೊಕ್ಕ. ಅಲ್ಲಿ ಮಗುವಿನ ಮೊದಲ ಕೂದಲು ಕತ್ತರಿಸುವ ಸಮಾರಂಭ, ಜೋಳದ ಹೆಂಡ ಚಿಚಾ, ಗಿಟಾರು. ಹಾಡು ಎಂದು ಕರೆದರೆ ಒಲ್ಲೆ ಎನ್ನುವ ನಾಲಿಗೆಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಬೆಳಗಾಗುವಷ್ಟರಲ್ಲಿ ಯಾರದೋ ದನಗಳು ಬಯಲಿಗೆ ನುಗ್ಗಿ, ತಿಂದಷ್ಟು ತಿಂದು, ಉಳಿದದ್ದರ ಮೇಲೆ ಸಗಣಿ ಹಾಕಿ ಹೋಗಿದ್ದವು.

"ಎಲ್ಲಿ ಸತ್ತಿದ್ದೆ ರಾತ್ರಿ?" ಎಂದಳು ಬಸೀಲಿಯಾ.

"ಒಂದು ಹಾಡು ಹೇಳಿ ಹೋಗು ಅಂದ್ರು ಕಣೇ. ಒಂದೇ ಒಂದು."

"ಒಂದೇ ಹಾಡು! ಅದನ್ನೇ ಬೇಯಿಸಿ ಹಾಕ್ತೀನಿ ವರ್ಷಪೂರ್ತಿ. ತಿನ್ನು."

"ಉಪ್ಪು ಸ್ವಲ್ಪ ಮುಂದಾಗಿರ್ಲಿ" ಎಂದು ಸಬೀನೋ ನಕ್ಕ. ಆಗ ಅವನು ನಗಬಾರದಿತ್ತು.

"ಹೋಗು. ಎಲ್ಲಿಗಾದ್ರೂ ಹಾಳಾಗಿ ಹೋಗು. ಹೋದೋನು ತಿರುಗಿ ಬರಬೇಡ. ನಿನ್ನ ಮುಖ ನೋಡಿದ್ರೆ ನಂಗೆ ಮೈಯೆಲ್ಲ ಉರೀತದೆ."

ಗಂಡ ಹೆಂಡಿರ ಜಗಳದಲ್ಲಿ ಇಂಥ ಮಾತು ಎಷ್ಟು ಬಂದುಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಅದು ಎಲ್ಲಿತ್ತೋ ಅಲ್ಲೇ ಕರಗಿರುತ್ತದೆ. ಸಬೀನೋ ಪೊಂಚೋ ಹೊದ್ದು, "ಸಂತೆಗೆ ಹೋಗಿ ಉಪ್ಪು ತರ್ತೀನಿ. ಅಷ್ಟ್ರಲ್ಲಿ ಉರಿ ಆರಿರ್ತದೆ" ಎಂದು ಹೇಳಿ, ಜಡೆಗೆ ರಿಬ್ಬನ್ ಬೇಕೆಂದು ಕುಣಿಯುತ್ತಿದ್ದ ಒಂಬತ್ತು ವರ್ಷದ ಮಗಳು ಡೆಲ್ಫೀನಾಳನ್ನು ಕರೆದುಕೊಂಡು ಸಂತೆಯ ಲಾರಿ ಹತ್ತಿದ.

ಆ ಲಾರಿ ಕೆಳಗಿನ ತಿರುವಿನಲ್ಲಿ ಹೊಳೆಗೆ ಉರುಳಿತು. ಬಸೀಲಿಯಾ ಓಡಿಬರುವಷ್ಟರಲ್ಲಿ ಊರ ಗಂಡಸರು ಹಗ್ಗ ಕಟ್ಟಿಕೊಂಡು ಕೆಳಗಿಳಿದು, ಬದುಕಿದವರನ್ನೂ ಸತ್ತವರನ್ನೂ ಮೇಲೆ ತರುತ್ತಿದ್ದರು. ಡೆಲ್ಫೀನಾಗೆ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಅವಳ ಮೈಮೇಲೆ ಅಪ್ಪನ ಪೊಂಚೋ ಇತ್ತು. ಸಬೀನೋನ ಮೈ ಸೊಂಟದಿಂದ ಕೆಳಗೆ ಲಾರಿಯ ಅಡಿಗೆ ಸಿಕ್ಕಿತ್ತು. ಹಗ್ಗ ಸಾಲದೆ ಇನ್ನೊಂದು ಊರಿಂದ ತರಿಸಬೇಕಾಯಿತು. ಹಗ್ಗ ಬರುವ ಮೊದಲೇ ಅವನು ಹೋಗಿಬಿಟ್ಟಿದ್ದ.

"ಮೇಲಿಂದ ನಮಗೆ ಕೇಳಿಸ್ತಿತ್ತು ಬಸೀಲಿಯಾ" ಎಂದ ಹಗ್ಗ ಹಿಡಿದಿದ್ದವನೊಬ್ಬ. "ಕೊನೆ ತನಕ ಮಗಳ ಹತ್ರ ಏನೋ ಹೇಳ್ತಾನೇ ಇದ್ದ. ಹೊಳೆ ಸದ್ದಿಗೆ ಏನು ಅಂತ ಗೊತ್ತಾಗಲಿಲ್ಲ."

ಡೆಲ್ಫೀನಾ ಅಳುತ್ತಿರಲಿಲ್ಲ. ತಾಯಿಯನ್ನು ಕಂಡದ್ದೇ ಅವಳ ಶಾಲಿನ ಅಂಚು ಹಿಡಿದು, "ಅಮ್ಮಾ, ಅಪ್ಪ ನಿಂಗೊಂದು ಮಾತು" ಎಂದು ಶುರುಮಾಡಿದಳು.

ಬಸೀಲಿಯಾ ಅಂಗೈಯಿಂದ ಮಗಳ ಬಾಯಿ ಮುಚ್ಚಿದಳು. "ಶ್! ಈಗ ಬೇಡ. ಈಗ ಏನೂ ಹೇಳ್ಬೇಡ."

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಮಗು ಸಾವಿನ ಬಾಯಿಂದ ಬಂದಿದೆ, ಜೀವ ಹೊಳೆಯಲ್ಲೇ ಇದೆ, ತಾಯಿ ಆ ವಿದ್ಯೆ ಗೊತ್ತಿದ್ದವಳು, ತನಗೆ ತಿಳಿದಂತೆ ಮಾಡುತ್ತಿದ್ದಾಳೆ ಎಂದುಕೊಂಡರು. ಹೂಳುವುದು ಮುಗಿದ ಮೇಲೆ ಬಸೀಲಿಯಾ ಮಗಳ ಲಂಗ ಹಿಡಿದು ಹೊಳೆಗೆ ಇಳಿದು, ಗಂಡ ಸತ್ತ ಬಂಡೆಯ ಹತ್ತಿರವೇ ನಿಂತು, ಗಂಟಲು ಕಟ್ಟುವ ತನಕ ಮಗಳ ಜೀವವನ್ನು ಕರೆದಳು. ಮಲಗಿದ ಮಗಳಿಗೆ ಲಂಗ ಹೊದಿಸಿ, "ಅಮಾವಾಸ್ಯೆ ಕಳೆಯೋ ತನಕ ಬಾಯಿ ಬಿಡಬಾರದು, ತಿಳೀತಾ?" ಎಂದಳು. ಡೆಲ್ಫೀನಾ ತಲೆಯಾಡಿಸಿದಳು. ಹೇಳಿದ ಮಾತು ಕೇಳುವ ಮಗು ಅದು.

ಚಂದ್ರ ಸವೆಯುತ್ತ ಹೋಗುವುದನ್ನು ಆ ಮಗು ದಿನವೂ ಅಂಗಳದಲ್ಲಿ ನಿಂತು ನೋಡುತ್ತಿತ್ತು. ಅಮಾವಾಸ್ಯೆ ಕಳೆದ ಮರುದಿನ ಒಲೆಯ ಮುಂದೆ ಬಂದು ನಿಂತಳು.

"ಅಮ್ಮಾ, ಕಳೀತಲ್ಲ. ಈಗ ಹೇಳ್ಲಾ?"

ಬಸೀಲಿಯಾ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು. ಸಾಯುವವನು ಮಗಳ ಕೈಲಿ ಏನು ಹೇಳಿ ಕಳಿಸಿರುತ್ತಾನೆ? ಹೋದವನು ತಿರುಗಿ ಬರಬೇಡ ಎಂದು ತಾನೇ ಬಾಯಾರೆ ಹೇಳಿ ಕಳಿಸಿದವಳು. 'ನಿಮ್ಮಮ್ಮನ ಬಾಯಿ ಹರಕೆ ತೀರಿತು ಅಂತ ಹೇಳು' ಎಂದಿದ್ದರೆ? ಆ ಮಾತನ್ನು ಈ ಪುಟ್ಟ ಬಾಯಿಂದ ಕೇಳಿ, ಆಮೇಲೆ ಈ ಮಗುವಿಗೆ ದಿನವೂ ಅನ್ನ ಹಾಕುವುದು ಹೇಗೆ? ಅವಳು ಮಗಳ ಮುಖವನ್ನು ಒಲೆಯ ಬೆಳಕಿಗೆ ತಿರುಗಿಸಿ, ಪರೀಕ್ಷಿಸುವವಳ ಹಾಗೆ ನೋಡಿದಳು.

"ನಿನ್ನ ಜೀವ ಇನ್ನೂ ಪೂರ್ತಿ ಬಂದಿಲ್ಲ ಕಣೇ ಪುಟ್ಟಿ. ಕಣ್ಣು ನೋಡಿದ್ರೇ ಗೊತ್ತಾಗ್ತದೆ. ನಾಳೆ ಮತ್ತೆ ಕರೀತೀನಿ."

ಮತ್ತೆ ಕರೆದಳು. ಮತ್ತೆ ಕರೆದ ಮೇಲೆ ಕಟ್ಟಳೆಯೂ ಮತ್ತೆ ಮೊದಲಿಂದ. ಮುಂದಿನ ಅಮಾವಾಸ್ಯೆ ಹತ್ತಿರ ಬಂದಾಗ ಮಗಳ ಊಟ ಕಡಿಮೆಯಾಗಿದೆ ಎಂದಳು. ಅದರ ಮುಂದಿನದಕ್ಕೆ, ನಿದ್ದೆಯಲ್ಲಿ ಬೆಚ್ಚಿದಳು ಎಂದಳು. ಹೀಗೆ ತಿಂಗಳಿಗೊಮ್ಮೆ ಆ ಹುಡುಗಿಯ ಲಂಗವೋ ಶಾಲೋ ಹಿಡಿದು ಹೊಳೆಗೆ ಇಳಿಯುವುದು, ಬಂದು ಹೊದಿಸುವುದು, ಬಾಯಿಗೆ ಬೀಗ ಹಾಕುವುದು. ಯಾವ ಕಟ್ಟಳೆ ಕೆಲವು ವಾರಗಳ ಮೌನಕ್ಕೆಂದು ಹುಟ್ಟಿತ್ತೋ ಅದನ್ನೇ ಬಸೀಲಿಯಾ ಮಗಳ ಬಾಲ್ಯದುದ್ದಕ್ಕೂ ಎಳೆದಳು. ಊರವರು ಕೈ ಮುಗಿದರು. ಎಂಥ ತಾಯಿ, ಮಗಳಿಗಾಗಿ ಆ ಇಳಿಜಾರನ್ನು ಎಷ್ಟು ಸಲ ಇಳಿಯುತ್ತಾಳೆ ಎಂದರು. ಹೊಗಳಿಕೆ ಕೇಳಿ ಅವಳಿಗೂ ತನ್ನ ಮೇಲೆ ನಂಬಿಕೆ ಬಂತು. ಭಯಕ್ಕೆ ಭಕ್ತಿಯ ಪೊಂಚೋ ಹೊದಿಸಿದರೆ ಒಳಗಿರುವುದು ಹೊದಿಸಿದವರಿಗೇ ಕಾಣುವುದಿಲ್ಲ.

ಡೆಲ್ಫೀನಾ ಒಂದು ದಿನ ಕೇಳುವುದನ್ನು ಬಿಟ್ಟಳು. ಯಾವ ತಿಂಗಳಿಂದ ಬಿಟ್ಟಳು ಎಂಬುದನ್ನು ಬಸೀಲಿಯಾ ಗಮನಿಸಲಿಲ್ಲ. ಗಮನಿಸಿದಾಗ, ಮರೆತಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಹುಡುಗಿ ಕುರಿ ಕಾಯ್ದಳು, ನೇಯ್ದಳು, ಯಾರಿಗೂ ಎದುರಾಡಲಿಲ್ಲ, ನಕ್ಕರೂ ತುಟಿಯಲ್ಲೇ ನಕ್ಕಳು. ಹದಿನೇಳು ತುಂಬಿದ ಮೇಲೆ ಅರೆಕಿಪಾ ನಗರದಲ್ಲಿ ಒಬ್ಬ ಹೆಂಗಸಿನ ಊಟದ ಮನೆಯಲ್ಲಿ ಕೆಲಸವಿದೆಯೆಂದು ಯಾರೋ ಹೇಳಿದರು. ಹೋಗುತ್ತೇನೆ ಎಂದಳು. ಹೋದಳು.

ಆಮೇಲೆ ಅವಳು ಊರಿಗೆ ಬರುತ್ತಿದ್ದದ್ದು ನವೆಂಬರಿನ ಸತ್ತವರ ಹಬ್ಬಕ್ಕೆ ಮಾತ್ರ. ತಾಯಿ ಮಗಳು ಸಬೀನೋನ ಗೋರಿಯ ಮೇಲೆ ಬಟ್ಟೆ ಹಾಸಿ ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಿದ್ದರು. ಆಲೂಗಡ್ಡೆ, ಹುರಿದ ಜೋಳ, ಮಗುವಿನ ಆಕಾರದ ಸಿಹಿ ಬ್ರೆಡ್ಡು, ಒಂದು ಲೋಟ ಚಿಚಾ. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. "ಚಿಚಾ ಈ ಸಲ ಹುಳಿ ಜಾಸ್ತಿಯಾಗಿದೆ" ಎನ್ನುವಳು ಒಬ್ಬಳು. "ಹೂಂ, ಅಪ್ಪ ಏನೂ ಅನ್ನಲ್ಲ ಬಿಡು" ಎನ್ನುವಳು ಇನ್ನೊಬ್ಬಳು. ಬೇರೆ ಗೋರಿಗಳ ಸುತ್ತ ಜನ ಸತ್ತವರ ಜೊತೆ ಜಗಳವಾಡುತ್ತಿದ್ದರು, ಅಳುತ್ತಿದ್ದರು, ಹಾಡುತ್ತಿದ್ದರು. ಇವರಿಬ್ಬರು ಮಾತ್ರ ಬ್ರೆಡ್ಡು ಮುರಿದು ತಿಂದು, ಬಟ್ಟೆ ಮಡಚಿಕೊಂಡು ಮನೆಗೆ ಬರುತ್ತಿದ್ದರು. ಫೋನ್ ಬಂದ ಮೇಲೆ ಭಾನುವಾರ ಭಾನುವಾರ ಮಾತಾಡಿದರು. ಕುರಿ, ಜ್ವರ, ಮಳೆ. ಬಸೀಲಿಯಾ ಫೋನ್ ಇಟ್ಟ ಮೇಲೆ ಏನೋ ಒಲೆಯ ಮೇಲೆ ಮರೆತವಳ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು.

ಹೀಗೇ ಅವಳ ಆಯಸ್ಸು ಕಳೆದುಹೋಗುತ್ತಿತ್ತೇನೋ. ಕಳೆದ ವರ್ಷ ಮಳೆಗಾಲದಲ್ಲಿ ಪ್ಲಾಸಿದಾಳ ಕುರಿಮಂದೆಗೆ ಸಿಡಿಲು ಬಡಿಯಿತು.

ಪ್ಲಾಸಿದಾ ಬಸೀಲಿಯಾಳ ಪಕ್ಕದ ಮನೆಯವಳು. ಚಿಚಾ ಮಾರುತ್ತಾಳೆ. ನಾಲಿಗೆ ಎಂದರೆ ಕುರಿ ಉಣ್ಣೆ ಕತ್ತರಿಸುವ ಕತ್ತರಿ. ಸುತ್ತಲಿನ ಕುರಿಗಳೆಲ್ಲ ಸತ್ತು ಬಿದ್ದು, ಅವಳೊಬ್ಬಳು ನಡುವೆ ನಿಂತಿದ್ದಳಂತೆ. ಮನೆಗೆ ತಂದು ಕೂರಿಸಿದಾಗ ಹಲ್ಲು ಕಟಕಟ ಎನ್ನುತ್ತಿತ್ತು, ತನ್ನ ಗಂಡನ ಗುರುತೂ ಹತ್ತಲಿಲ್ಲ. ಬಸೀಲಿಯಾ ಅವಳ ಟೋಪಿ ಹಿಡಿದು ಬೆಟ್ಟಕ್ಕೆ ಹೋಗಿ ಜೀವ ಕರೆದು ತಂದು, ಟೋಪಿ ಎದೆಯ ಮೇಲಿಟ್ಟು, ಕಟ್ಟಳೆ ಹೇಳಿದಳು. ಪ್ಲಾಸಿದಾ ಬೆಳಗಿನ ತನಕ ಸುಮ್ಮನಿದ್ದಳು. ಬೆಳಗ್ಗೆ ನಲ್ಲಿಯ ಹತ್ತಿರ ಕೊಡ ಇಟ್ಟವಳೇ ಶುರುಮಾಡಿದಳು.

"ನನ್ನ ಕೂದಲೆಲ್ಲ ಮೇಲಕ್ಕೆ ಎದ್ದು ನಿಂತಿತ್ತು ಕಣ್ರೇ. ಆ ಕಪ್ಪು ಟಗರು ನನ್ನೇ ನೋಡ್ತಾ ಇತ್ತು. ನೋಡ್ತಾ ನೋಡ್ತಾನೇ..."

"ಪ್ಲಾಸಿದಾ! ಬಾಯ್ಮುಚ್ಚು. ಅಮಾವಾಸ್ಯೆ ಕಳೀಲಿಲ್ಲ. ಜೀವ ಓಡಿಹೋಗ್ತದೆ."

"ಓಡಿಹೋದ್ರೆ ಹೋಗ್ಲಿ, ಕಾಲು ನೋವು ಬಂದ್ರೆ ಅದೇ ಬರ್ತದೆ. ನಾನು ಹೇಳ್ದೆ ಇದ್ರೆ ಹೊಟ್ಟೆ ಒಡೆದು ಸಾಯ್ತೀನಿ, ಆಮೇಲೆ ಜೀವ ಬಂದು ಯಾರಿಗೆ ಬೇಕು?"

ನಲ್ಲಿಯ ಹತ್ತಿರ ಹೇಳಿ ಅತ್ತಳು. ಚಿಚಾ ಕುಡಿಯಲು ಬಂದವರಿಗೆಲ್ಲ ಹೇಳಿ ಅತ್ತಳು. ಚರ್ಚಿನ ಮೆಟ್ಟಿಲ ಮೇಲೆ ಹೇಳುವ ಹೊತ್ತಿಗೆ ಅಳು ಕಡಿಮೆಯಾಗಿ ಸಿಡಿಲಿಗೇ ಬೈಗುಳ ಬಂತು. ಆಮೇಲಾಮೇಲೆ ಅವಳೇ ಟಗರಿನ ಹಾಗೆ ಕಣ್ಣು ಮೇಲೆ ಮಾಡಿ ತೋರಿಸಿ ಜನರನ್ನು ನಗಿಸತೊಡಗಿದಳು. ಅವಳ ಜೀವ ಇವತ್ತು ಓಡುತ್ತದೆ, ನಾಳೆ ಓಡುತ್ತದೆ ಎಂದು ಬಸೀಲಿಯಾ ಕಾದದ್ದೇ ಬಂತು. ಪ್ಲಾಸಿದಾ ಚೆನ್ನಾಗಿ ತಿಂದಳು, ಗೊರಕೆ ಹೊಡೆದು ಮಲಗಿದಳು, ಮೊದಲಿಗಿಂತ ಒಂದು ಸುತ್ತು ದಪ್ಪವಾದಳು.

ಒಂದು ಮಧ್ಯಾಹ್ನ ಜೋಳ ಸುಲಿಯುತ್ತ ಕೂತಿದ್ದಾಗ ಬಸೀಲಿಯಾ ತಡೆಯಲಾರದೆ ಕೇಳಿದಳು. "ಅಲ್ವೇ, ನಿನ್ನ ಜೀವ ಅದ್ಹೇಗೆ ನಿಂತಿತು?"

"ಎಲ್ಲಿಗೆ ಹೋಗ್ತದೆ? ಕತೆ ಕೇಳ್ಕೊಂಡು ಇಲ್ಲೇ ಕೂತಿತ್ತು" ಎಂದಳು ಪ್ಲಾಸಿದಾ. ಒಂದು ತೆನೆ ಸುಲಿದು ಮುಗಿಸಿ, ತಲೆಯೆತ್ತದೆ ಹೇಳಿದಳು. "ಕೋಪ ಮಾಡ್ಕೋಬೇಡ. ನಿನ್ನ ಮಗಳ ಬಾಯಿ ಕಟ್ಟಿದ್ದು ಅವಳ ಜೀವ ಓಡಿಹೋಗ್ತದೆ ಅಂತ ಅಲ್ಲ. ನೀನು ಓಡಿಹೋಗ್ತಿದ್ದೆ. ಇಡೀ ಊರಿಗೆ ಗೊತ್ತು, ನಿಂಗೊಬ್ಳಿಗೆ ಗೊತ್ತಿಲ್ಲ."

ಬಸೀಲಿಯಾ ಕೋಪ ಮಾಡಿಕೊಂಡಳು. ಜೋಳದ ಬುಟ್ಟಿ ಅಲ್ಲೇ ಬಿಟ್ಟು ಎದ್ದುಬಂದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತಳು. ಗೊತ್ತಿಲ್ಲದೆ ಏನು? ಮೊದಲ ದಿನದಿಂದ ಗೊತ್ತಿತ್ತು. ಒಲೆಯ ಮುಂದೆ ನಿಂತ ಆ ಪುಟ್ಟ ಮುಖ, 'ಈಗ ಹೇಳ್ಲಾ' ಎಂದ ದನಿ, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದಳೋ ಅಲ್ಲಿಂದ ಎದ್ದುಬಂತು. ಅವತ್ತು ಅವಳು ಅತ್ತದ್ದು ಗಂಡನಿಗಾಗಿ ಅಲ್ಲ. ತನ್ನದೇ ಮನೆಯಲ್ಲಿ ಚಂದ್ರನನ್ನು ಕಾಯುತ್ತ ನಿಂತ ಒಂದು ಮಗುವಿಗಾಗಿ.

ಗಂಡ ಶಾಪ ಹಾಕಿದ್ದರೂ ಸರಿ, ಬೈದಿದ್ದರೂ ಸರಿ, ಈಗ ಹೋಗಿ ಕೇಳುತ್ತೇನೆ, ಆ ಮಗುವಿನ ಹೆಗಲಿಂದ ಅದನ್ನು ಇಳಿಸುತ್ತೇನೆ ಎಂದು ತೀರ್ಮಾನ ಮಾಡಿದಳು. ಫೋನಿನಲ್ಲಿ ಕೇಳುವ ಮಾತಲ್ಲ. ಒಂದು ಗಿಣ್ಣಿನ ಗಟ್ಟಿ, ಹುರಿದ ಜೋಳ, ಒಂದು ಚೀಲ ಚುನ್ಯೋ ಕಟ್ಟಿಕೊಂಡು ಅರೆಕಿಪಾದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಕೇಳಿದರೂ ಅಳಬಾರದು, ಬಾಯಿ ಹಾಕಬಾರದು, ಪೂರ್ತಿ ಕೇಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಊಟದ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಹೊಸ್ತಿಲಲ್ಲಿ ಕಾಲಿಡುವಾಗಲೇ ಅಡುಗೆಮನೆಯಿಂದ ಯಾರೋ ಹೊಟ್ಟೆ ಹಿಡಿದು ನಗುವುದು ಕೇಳಿಸಿತು. ಎಂಥ ನಗುವಪ್ಪಾ, ಯಾರದ್ದಿರಬಹುದು ಎಂದುಕೊಂಡೇ ಒಳಗೆ ಹೋದಳು. ನಗುತ್ತಿದ್ದವಳು ಡೆಲ್ಫೀನಾ. ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೆತ್ತ ತಾಯಿಗೆ ಮಗಳ ನಗುವಿನ ಗುರುತು ಸಿಗಲಿಲ್ಲ.

"ಅಮ್ಮಾ! ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲ. ನಿನ್ನ ನೋಡೋಣ ಅಂತ ಬಂದೆ."

ಊಟದ ಮನೆಯ ಒಡತಿ ದೊನ್ಯಾ ಎರ್ಸಿಲಿಯಾ ಎಂಬತ್ತು ದಾಟಿದ ಮುದುಕಿ. ಹಿತ್ತಿಲಿನ ದ್ರಾಕ್ಷಿ ಚಪ್ಪರದಡಿ ಬುಟ್ಟಿ ತುಂಬ ದಪ್ಪ ಅವರೆ ಇಟ್ಟುಕೊಂಡು ಕಾಳು ಬಿಡಿಸುತ್ತಿದ್ದಳು. ಬಸೀಲಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಫಿ ತರಿಸಿ, ಮೇಲಿಂದ ಕೆಳಗೆ ನೋಡಿ, "ನೀನೇನಮ್ಮ ಬಸೀಲಿಯಾ? ನಿನ್ನ ಕಣ್ಣೇ ಮಗಳಿಗೆ ಬಂದಿರೋದು" ಎಂದಳು. ಆಮೇಲೆ ತಾಯಿ ಮಗಳಿಬ್ಬರನ್ನೇ ಬಿಟ್ಟು ಒಳಗೆ ಹೋದಳು.

ಇಬ್ಬರೂ ಕಾಳು ಬಿಡಿಸುತ್ತ ಕೂತರು. ಬಸೀಲಿಯಾಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ನೇರವಾಗಿಯೇ ಕೇಳಿದಳು.

"ಪುಟ್ಟೀ, ಅವತ್ತು ಹೊಳೆ ಹತ್ರ ನೀನೇನೋ ಹೇಳೋಕೆ ಬಂದೆ. ನಾನು ಬಾಯಿ ಮುಚ್ಚಿದೆ. ಜೀವ ಓಡಿಹೋಗ್ತದೆ ಅಂತ ಅಲ್ಲ. ನಾನು ಹೆದರಿದ್ದೆ. ಅವತ್ತು ಬೆಳಗ್ಗೆ ನಿಮ್ಮಪ್ಪನಿಗೆ ತಿರುಗಿ ಬರಬೇಡ ಅಂದಿದ್ದೆ. ಅವನು ಏನು ಹೇಳಿ ಕಳಿಸಿದ್ನೋ ಅಂತ..." ಒಂದು ಅವರೆಕಾಯಿ ಸುಲಿದು ಮಡಿಲಿಗೆ ಹಾಕಿಕೊಂಡಳು. "ಈಗ ಹೇಳು. ಏನಿದ್ರೂ ಹೇಳು. ಕೇಳ್ತೀನಿ."

ಡೆಲ್ಫೀನಾಳ ಕೈ ನಿಂತಿತು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬಹಳ ದಿನದಿಂದ ಹೆದರಿಕೊಂಡಿದ್ದ ಅತಿಥಿ ಕೊನೆಗೂ ಬಂದ ಎನ್ನುವ ಹಾಗೆ ತಾಯಿಯನ್ನು ನೋಡಿದಳು.

"ಅಮ್ಮಾ, ಅದು ಈಗ ನನ್ನ ಹತ್ರ ಇಲ್ಲ."

"ಇಲ್ಲ ಅಂದ್ರೆ?"

"ಅಪ್ಪ 'ಅಮ್ಮನಿಗೆ ಹೀಗೆ ಹೇಳು' ಅಂದ. ಮರೀಬಾರದು ಅಂತ ನನ್ನ ಕೈಲಿ ಹೇಳಿಸಿದ. ಮತ್ತೆ ಹೇಳು ಅಂದ, ಮತ್ತೆ ಹೇಳ್ದೆ. ದೊಡ್ಡ ಮಾತೇನಲ್ಲ, ಚಿಕ್ಕದು. ಕುರಿ ಕಾಯೋವಾಗ ದಿನಾ ನನ್ನೊಳಗೆ ಹೇಳ್ಕೊಳ್ತಿದ್ದೆ, ಮರೆತುಹೋಗಬಾರದು ಅಂತ. ಅಮಾವಾಸ್ಯೆ ಬರ್ಲಿ ಹೇಳ್ತೀನಿ, ಈ ಸಲ ಅಮ್ಮ ಕೇಳ್ತಾಳೆ ಅಂತ. ಇಲ್ಲಿಗೆ ಬಂದ ಮೇಲೆ ಕೆಲಸ, ಹೊಸ ಜನ, ಹೊಸ ಮಾತು. ಒಂದಿನ ಪಾತ್ರೆ ತೊಳೀತಾ ಹೇಳ್ಕೊಳ್ಳೋಣ ಅಂತ ನೋಡಿದ್ರೆ ಇರಲಿಲ್ಲ. ಎಷ್ಟು ಹುಡುಕಿದೆ ಅಂತೀಯ. 'ಅಮ್ಮನಿಗೆ ಹೇಳು' ಅನ್ನೋದು ಇದೆ, ಅಪ್ಪನ ದನಿ ಇದೆ. ಅದರ ಮುಂದಿನದು ಇಲ್ಲ."

ಬಸೀಲಿಯಾಳ ಮಡಿಲಿಂದ ಅವರೆ ಕಾಳು ನೆಲಕ್ಕೆ ಉರುಳಿದವು.

"ಕೋಪದಲ್ಲಿ ಹೇಳಿದ್ನಾ? ಅಷ್ಟಾದ್ರೂ ನೆನಪು ಮಾಡ್ಕೋ. ಮುಖ ಹೇಗಿತ್ತು?"

"ಮುಖದ ತುಂಬ ನೀರಿತ್ತಮ್ಮ. ನಾನು ಚಿಕ್ಕೋಳು. ನೋವಿಗೆ ಹಲ್ಲು ಕಚ್ಚಿದ್ನೋ, ನಕ್ಕನೋ, ನಂಗೆ ಗೊತ್ತಾಗಲಿಲ್ಲ."

"ಏನೋ ಒಂದು ಹೇಳೇ. ನಿಂಗೆ ತೋಚಿದ್ದು ಹೇಳು."

ಡೆಲ್ಫೀನಾ ತಲೆಯಾಡಿಸಿದಳು. ಆಗದು ಎನ್ನುವ ಹಾಗೆ. "ದೊನ್ಯಾ ಎರ್ಸಿಲಿಯಾನೂ ಅದನ್ನೇ ಅಂದಿದ್ರು. ಏನಾದ್ರೂ ಒಳ್ಳೇ ಮಾತು ಕಟ್ಟಿ ಹೇಳ್ಬಿಡು, ನಿಮ್ಮಮ್ಮನ ಎದೆ ತಣ್ಣಗಾಗ್ತದೆ ಅಂತ. ಅಪ್ಪನ ಬಾಯಿಗೆ ನನ್ನ ಮಾತು ತುಂಬೋಕೆ ನಂಗೆ ಮನಸ್ಸು ಬರಲಿಲ್ಲ. ನಾನು ಇಲ್ಲಿ ಇದೇ ಚಪ್ಪರದಡಿ ಕೂತು ಅತ್ತಿದ್ದು ಅಪ್ಪ ಸತ್ತಿದ್ದಕ್ಕಲ್ಲ ಅಮ್ಮ. ಅಪ್ಪ ನಂಬಿ ಕೊಟ್ಟದ್ದನ್ನ ಕಳೆದುಬಿಟ್ಟೆ ಅಂತ. ಭಾನುವಾರ ಭಾನುವಾರ ಕಾಳು ಬಿಡಿಸ್ತಾ ಹೇಳ್ತಿದ್ದೆ. ಅವರು ಆಮೇಲೆ, ಆಮೇಲೆ ಅಂತ ಕೇಳ್ತಿದ್ರು, ಅಷ್ಟೇ. ಎಲ್ಲಾ ಮುಗಿದ ಮೇಲೆ ಒಂದಿನ ಅಂದ್ರು, ಅಷ್ಟು ಚಿಕ್ಕ ಮಗು ಅಷ್ಟು ವರ್ಷ ಹೊತ್ತಿದ್ದೇ ಹೆಚ್ಚು, ಕೆಳಗಿಟ್ಟದ್ದು ತಪ್ಪಲ್ಲ ಅಂತ. ಅವತ್ತಿಂದ ನಿದ್ದೆ ಬರ್ತದೆ. ಜೋರಾಗಿ ನಗು ಬರ್ತದೆ."

ಒಳಗಿನಿಂದ ಮುದುಕಿ ಯಾರಿಗೋ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಬೈಯುವುದು ಕೇಳಿಸುತ್ತಿತ್ತು. ಬಸೀಲಿಯಾಗೆ ಆ ಮುದುಕಿಯ ಮೇಲೆ ಹೊಟ್ಟೆ ಉರಿಯಿತು. ಎಷ್ಟೊಂದು ಜನರ ಜೀವವನ್ನು ತಾನು ಮನೆಗೆ ಕರೆತಂದಿದ್ದೇನೆ. ತನ್ನ ಮಗಳ ಜೀವವನ್ನು ಬೇರೆ ಯಾರೋ ಅವರೆಕಾಳು ಬಿಡಿಸುತ್ತ ಕರೆದುಬಿಟ್ಟಳು. ಹೊಟ್ಟೆ ಉರಿದು, ಆಮೇಲೆ ನಾಚಿಕೆಯಾಗಿ, ಆಮೇಲೆ ಆ ಮುದುಕಿಯ ಕಾಲು ಹಿಡಿಯಬೇಕು ಎನ್ನಿಸಿತು. ಮಗಳು ಗುಣವಾಗಿದ್ದಳು. ಅದಕ್ಕೆ ಸಂತೋಷ ಪಡಬೇಕು, ಪಟ್ಟಳು ಕೂಡ. ಆದರೆ ಸಬೀನೋ ಅವಳನ್ನು ಕ್ಷಮಿಸಿ ಹೋದನೋ, ಶಪಿಸಿ ಹೋದನೋ ಎಂಬುದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.

"ಕಳೆದೋಳು ನೀನಲ್ಲ ಮಗಾ" ಎಂದಳು. "ನಾನು."

ಡೆಲ್ಫೀನಾ ಅಲ್ಲವೆನ್ನಲಿಲ್ಲ. ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಇಬ್ಬರೂ ಬಗ್ಗಿ ನೆಲಕ್ಕೆ ಬಿದ್ದ ಕಾಳು ಆರಿಸಿದರು.

"ಎಲ್ಲೀ ತನಕ ನೆನಪಿತ್ತು ಅದು?" ಬಸೀಲಿಯಾ ಕೇಳಿದಳು. ಕೇಳದಿದ್ದರೆ ಚೆನ್ನಾಗಿತ್ತು.

"ಊರು ಬಿಟ್ಟ ದಿನ ಚೆನ್ನಾಗಿ ನೆನಪಿತ್ತಮ್ಮ. ಬಸ್ಸಿನ ಹತ್ರ ನಿನ್ನ ಕೈ ಹಿಡ್ಕೊಂಡಿದ್ದೆನಲ್ಲ, ಇವತ್ತು ಹೇಳೇಬಿಡೋಣ ಅಂತಲೇ ಹಿಡ್ಕೊಂಡಿದ್ದು. ಬಾಯಿ ತೆರೆಯೋ ಅಷ್ಟರಲ್ಲಿ ನೀನು, ಹತ್ತು ಹತ್ತು, ಬಸ್ಸು ಹೊರಡ್ತದೆ ಅಂದೆ."

ಆ ದಿನ ಬಸೀಲಿಯಾಗೂ ನೆನಪಿತ್ತು. ಮಗಳನ್ನು ಬಸ್ಸು ಹತ್ತಿಸಿ, ಬೆನ್ನು ತಿರುಗಿಸಿ ಬೇಗ ಬೇಗ ಬಂದು ಅಂಗಡಿಯ ಮರೆಯಲ್ಲಿ ನಿಂತು ನೋಡಿದ್ದಳು. ಬಸ್ಸು ಆಮೇಲೂ ತುಂಬ ಹೊತ್ತು ಅಲ್ಲೇ ನಿಂತಿತ್ತು. ಚಾಲಕ ಸೂಪು ಕುಡಿಯಲು ಹೋಗಿದ್ದ.